ಯಾರಿಗೆ ಹೋಲಿಸಿ ಹೇಳ್ತಿದೀಯ? ಮೂಳೆ ಟೇಬಲ್ ಮುಂದೆ ಕಲಿತ ಕೆಲವು ಮಾತು

ಟ್ರೈನಿಗಳು ಮೊದಲ ಸಲ ಮೂಳೆ ನೋಡಿ ರಿಪೋರ್ಟ್ ಬರ್ಕೊಂಡು ಬಂದಾಗ ಅದ್ರಲ್ಲಿ ಗಂಡಸು, ವಯಸ್ಸು 34, ಎತ್ತರ 168 ಸೆಂ.ಮೀ ಅಂತ ಇರತ್ತೆ. ಒಂದೊಂದಕ್ಕೂ ಒಂದೇ ನಂಬರ್, ನೋಡೋಕೆ ಬಹಳ ಅಚ್ಚುಕಟ್ಟು. ನಾನು ಅದನ್ನ ವಾಪಸ್ ಕೊಟ್ಟು ಕೇಳೋದು ಒಂದೇ ಮಾತು, "ಯಾರಿಗೆ ಹೋಲಿಸಿ ಹೇಳ್ತಿದೀಯಪ್ಪ?" ತುಂಬ ಜನ ತಬ್ಬಿಬ್ಬಾಗ್ತಾರೆ, "ಮೇಡಂ, ಬುಕ್‌ನಲ್ಲಿರೋ ಚಾರ್ಟ್ ನೋಡಿ ಬರ್ದೆ" ಅಂತಾರೆ. ಸರಿ, ಆ ಚಾರ್ಟ್ ಯಾರ ಮೂಳೆ ನೋಡಿ ಮಾಡಿದ್ದು, ಅವ್ರು ಯಾವ ಕಾಲದವ್ರು, ಯಾವ ವಯಸ್ಸಿನವ್ರು ಜಾಸ್ತಿ ಇದ್ರು, ಅಳತೆ ಎಲ್ಲಿಂದ ಎಲ್ಲಿಗೆ ತಗೊಂಡ್ರು, ಇಷ್ಟೂ ಗೊತ್ತಿದ್ರೆ ಮಾತ್ರ ಆ 34ಕ್ಕೆ ಏನಾದ್ರೂ ಬೆಲೆ.

ನನ್ನ ಕೆಲಸ ಎರಡು ಥರ. ಗುರುತು ಸಿಗದ ಅಸ್ಥಿ ಬಂದಾಗ ಅದು ಯಾರದಿರಬಹುದು ಅಂತ ತನಿಖೆಯವರಿಗೆ ದಾರಿ ತೋರಿಸೋದು, ಉಳಿದ ಟೈಮಲ್ಲಿ ಮಾನವ ವಿಕಾಸ ಪಾಠ ಮಾಡೋದು. ಹೊರಗಿನವ್ರಿಗೆ ಇವೆರಡೂ ಬೇರೆ ಬೇರೆ ಲೋಕ ಅನ್ಸತ್ತೆ, ಒಂದು ಕ್ರೈಮ್, ಇನ್ನೊಂದು ಮ್ಯೂಸಿಯಂ. ಟೇಬಲ್ ಮುಂದೆ ನಿಂತವ್ರಿಗೆ ಎರಡೂ ಒಂದೇ ಕೆಲಸ, ಯಾಕಂದ್ರೆ ಮೂವತ್ತು ಲಕ್ಷ ವರ್ಷದ ಹಿಂದಿನ ಮೂಳೆ ಆಗ್ಲಿ, ಮೂರು ವರ್ಷದ ಹಿಂದಿಂದೇ ಆಗ್ಲಿ, ಅದು ತಾನಾಗಿ ಏನೂ ಹೇಳಲ್ಲ, ಇನ್ನೊಂದು ಮೂಳೆ ಪಕ್ಕದಲ್ಲಿ ಇಟ್ಟಾಗಲೇ ಹೇಳೋದು. ಪಕ್ಕದಲ್ಲಿ ಯಾವುದನ್ನ ಇಟ್ವಿ ಅನ್ನೋದ್ರ ಮೇಲೇ ಎಲ್ಲ ನಿಂತಿರತ್ತೆ.

ಡಬ್ಬ ಬಿಚ್ಚಿದ ತಕ್ಷಣ ನೋಡೋದು ಇದು ಮೂಳೆನಾ, ಆಮೇಲೆ ಮನುಷ್ಯಂದಾ. ನಗಬೇಡಿ, ಪ್ಲಾಸ್ಟಿಕ್ ಪೈಪ್ ಚೂರು, ಸುಟ್ಟ ಕಟ್ಟಿಗೆ, ಕಲ್ಲು ಎಲ್ಲಾನೂ ಮೂಳೆ ಅಂತ ಬರತ್ತೆ. ಪ್ರಾಣಿ ಮೂಳೆಯಂತೂ ಸದಾ ಬರ್ತಾನೇ ಇರತ್ತೆ. ಚರ್ಮ, ಉಗುರು ಹೋದ ಕರಡಿ ಪಂಜ ಮನುಷ್ಯನ ಕೈಗೆ ಎಷ್ಟು ಹತ್ತಿರ ಅಂದ್ರೆ ಅನುಭವ ಇರೋ ಡಾಕ್ಟ್ರುಗಳೇ ಮೋಸ ಹೋಗ್ತಾರೆ. ಈ ಹಂತದಲ್ಲಿ ನಾವು ಹುಡುಕೋ ಗುರುತುಗಳಲ್ಲಿ ಹೆಚ್ಚಿನವು ಎರಡು ಕಾಲಲ್ಲಿ ನಡೆಯೋಕೆ ಶುರು ಮಾಡಿದ್ದರಿಂದ ಬಂದವು. ತಲೆಬುರುಡೆ ತಳದಲ್ಲಿ ಬೆನ್ನುಹುರಿ ಇಳಿಯೋ ತೂತು ಹಿಂದಕ್ಕಿಲ್ಲದೆ ಮುಂದಕ್ಕೆ, ನಡುವಿಗೆ ಬಂದಿರತ್ತೆ. ಸೊಂಟದ ಮೂಳೆ ಉದ್ದಕ್ಕೆ ಇರೋ ಬದಲು ಗಿಡ್ಡವಾಗಿ ಅಗಲವಾಗಿ ಪಕ್ಕಕ್ಕೆ ತಿರುಗಿರತ್ತೆ. ತೊಡೆಮೂಳೆ ಸೊಂಟದಿಂದ ಮಂಡಿ ಕಡೆಗೆ ಒಳಮುಖವಾಗಿ ಓರೆಯಾಗಿ ಇಳಿಯತ್ತೆ, ಹಾಗಾಗಿ ಒಂದು ಕಾಲು ಎತ್ತಿದಾಗ ಭಾರ ಇನ್ನೊಂದು ಪಾದದ ಮೇಲೇ ಬೀಳತ್ತೆ. ಪಾದದ ಹೆಬ್ಬೆರಳು ಬೇರೆ ಬೆರಳುಗಳ ಸಾಲಲ್ಲೇ ನಿಂತಿರತ್ತೆ.

1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ ಸಿಕ್ಕ, ಮನುಷ್ಯನ ಹಳೇ ಪೂರ್ವಜ ಜಾತಿಯ ಒಂದು ಮಗುವಿನ ಬುರುಡೆ ನೋಡಿ ಅಂಗರಚನಾ ತಜ್ಞ ರೇಮಂಡ್ ಡಾರ್ಟ್ ಇದು ನೆಟ್ಟಗೆ ನಿಂತು ನಡೀತಿತ್ತು ಅಂತ ಹೇಳಿದ್ದು ಆ ತೂತಿನ ಜಾಗ ನೋಡೇ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್‌ಗೆ ಸಿಕ್ಕ, ಅಂಥದ್ದೇ ಪೂರ್ವಜ ಜಾತಿಯ ಪಳೆಯುಳಿಕೆ ಲೂಸಿ, ಸುಮಾರು 32 ಲಕ್ಷ ವರ್ಷದ್ದು, ಎತ್ತರ ಹೆಚ್ಚುಕಡಿಮೆ ಒಂದು ಮೀಟರ್ ಚಿಲ್ಲರೆ, ಅವಳ ತೊಡೆಮೂಳೆಲೂ ಆ ಓರೆ ಇದೆ. ಈ ಓರೆ ಬಗ್ಗೆ ಟ್ರೈನಿಗಳಿಗೆ ನಾನು ತಪ್ಪದೆ ಹೇಳೋ ವಿಷಯ ಒಂದಿದೆ. ಹುಟ್ಟಿದ ಮಗುವಿನ ತೊಡೆಮೂಳೆ ನೇರವಾಗಿರತ್ತೆ, ಓರೆ ಬರೋದು ಮಗು ನಡೆಯೋಕೆ ಶುರು ಮಾಡಿದ ಮೇಲೆ. ಯಾವತ್ತೂ ನಡೆಯೋಕೆ ಆಗದವ್ರಲ್ಲಿ ಅದು ಸರಿಯಾಗಿ ಬರೋದೇ ಇಲ್ಲ. ಅಂದ್ರೆ ಲೂಸಿ ಮಂಡಿ ಹೇಳ್ತಿರೋದು ಅವಳ ಜಾತಿ ನಡೀತಿತ್ತು ಅಂತ ಮಾತ್ರ ಅಲ್ಲ, ಇವಳೇ, ಚಿಕ್ಕಂದಿನಿಂದ, ನಡೆದಿದ್ದಾಳೆ ಅಂತ. ಮೂಳೆಲಿ ವಂಶದಿಂದ ಬಂದದ್ದು ಯಾವುದು, ಬದುಕಿನಿಂದ ಬಂದದ್ದು ಯಾವುದು ಅಂತ ಬೇರೆ ಮಾಡಿ ನೋಡೋ ಅಭ್ಯಾಸ ಇಲ್ಲಿಂದಲೇ ಶುರುವಾಗ್ಬೇಕು.

ಆಮೇಲೆ ಗಂಡೋ ಹೆಣ್ಣೋ. ಸೊಂಟದ ಮೂಳೆ ಪೂರ್ತಿ ಸಿಕ್ಕಿದ್ರೆ ನಮಗೆ ಹಬ್ಬ. ಹೆಂಗಸರಲ್ಲಿ ಮುಂದಿನ ಕೋನ ಅಗಲ, ಹಿಂದಿನ ಕಚ್ಚು ಅಗಲ, ಪ್ಯೂಬಿಕ್ ಅಂದ್ರೆ ಸೊಂಟದ ಮುಂಭಾಗದ ಮೂಳೆ ಮುಂದೆ ಒಂದು ಸಣ್ಣ ಏಣು. 1969ರಲ್ಲಿ ಫೆನಿಸ್ ಅನ್ನೋರು ಅಲ್ಲಿನ ಮೂರೇ ಮೂರು ಗುರುತು ನೋಡಿ ನೂರಕ್ಕೆ 95ಕ್ಕಿಂತ ಜಾಸ್ತಿ ಸರಿ ಹೇಳಬಹುದು ಅಂತ ತೋರಿಸಿದ್ರು, ಇವತ್ತಿಗೂ ಎಲ್ಲರೂ ಅದನ್ನೇ ಬಳಸ್ತೀವಿ. ಬುರುಡೆ ಎರಡನೇ ಆಯ್ಕೆ, ಹುಬ್ಬಿನ ಏಣು, ಕಿವಿ ಹಿಂದಿನ ಗುಬ್ಬು, ಗಲ್ಲ ಎಲ್ಲ ನೋಡ್ತೀವಿ, ಆದ್ರೆ ಒಂದು ಜನಸಮುದಾಯದ ಗಂಡಸಿನ ಬುರುಡೆ ಇನ್ನೊಂದರ ಹೆಂಗಸಿಗಿಂತ ನಾಜೂಕಾಗಿರಬಹುದು. ಹರೆಯಕ್ಕೆ ಬರದ ಮಕ್ಕಳ ಮೂಳೆ ನೋಡಿ ಗಂಡು ಹೆಣ್ಣು ಹೇಳೋಕೆ ಹೋಗ್ಲೇಬೇಡಿ, ಡಿಎನ್‌ಎ ಮಾಡ್ಸಿ. ಮತ್ತೆ ಸೊಂಟದ ಮೂಳೆ ಹಿಂಭಾಗದ ಸಣ್ಣ ಗುಳಿ ನೋಡಿ "ಹೆರಿಗೆ ಆಗಿದೆ" ಅಂತ ಬರೆಯೋ ಹಳೇ ಚಾಳಿ ಇನ್ನೂ ಕೆಲವ್ರಿಗೆ ಹೋಗಿಲ್ಲ. ಹೆರದವರಲ್ಲೂ ಆ ಗುಳಿ ಇರತ್ತೆ, ಗಂಡಸರಲ್ಲೂ ಸಿಗತ್ತೆ. ಅದನ್ನ ನಂಬಿ ಒಂದು ಕುಟುಂಬಕ್ಕೆ "ನಿಮ್ಮ ಹುಡುಗಿಗೆ ಮಗು ಆಗಿತ್ತು" ಅಂತ ಹೇಳಿದ್ರೆ ಏನಾಗತ್ತೆ ಯೋಚ್ನೆ ಮಾಡಿ.

ಈ ಸೊಂಟದ ವ್ಯತ್ಯಾಸ ಯಾಕಿದೆ ಅಂದ್ರೆ ನಮ್ಮ ಮಕ್ಕಳ ತಲೆ ದೊಡ್ಡದು, ನಡೆಯೋಕೆ ಬೇಕಾದ ಸೊಂಟದಲ್ಲೇ ಅದು ಹೊರಗೆ ಬರ್ಬೇಕು. ಹಾಗಿದ್ರೆ ಮಕ್ಕಳ ತಲೆ ಸಣ್ಣದಿದ್ದ ಕಾಲದಲ್ಲಿ? ಲೂಸಿನ ಹೆಣ್ಣು ಅಂದಿದ್ದು ಮುಖ್ಯವಾಗಿ ಅವಳ ಗಾತ್ರ ಚಿಕ್ಕದು ಅಂತ. 1995ರಲ್ಲಿ ಹಾಯ್ಸ್ಲರ್ ಮತ್ತೆ ಶ್ಮಿಡ್ ಅನ್ನೋ ಇಬ್ಬರು ಅದೇ ಸೊಂಟ ನೋಡಿ ಇದು ಗಂಡೂ ಇರಬಹುದು ಅಂತ ಬರೆದ್ರು, ಬೇರೆಯವ್ರು ಅದನ್ನ ಒಪ್ಪಲಿಲ್ಲ, ಈಗಲೂ ಹೆಚ್ಚಿನವ್ರು ಹೆಣ್ಣು ಅಂತಲೇ ಹೇಳ್ತಾರೆ. ಅದಲ್ಲ ನನಗೆ ಮುಖ್ಯ. ಫೆನಿಸ್‌ನ ಮೂರು ಗುರುತು ಹಿಡ್ಕೊಂಡು ಲೂಸಿ ಹತ್ರ ಹೋದ್ರೆ ಆ ಅಳತೆಗೋಲಿಗೆ ಅಲ್ಲಿ ಅರ್ಥವೇ ಬೇರೆ. ನಮ್ಮ ಚಾರ್ಟ್ ಇರೋದು ನಮ್ಮಂಥವ್ರಿಗೆ.

ವಯಸ್ಸಿನ ವಿಷಯಕ್ಕೆ ಬಂದ್ರೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದ್ರೆ ಅತಿ ಹೆಚ್ಚು ತಲೆಹರಟೆ ಇರೋದು ಇಲ್ಲೇ. ಬೆಳೆಯೋ ವಯಸ್ಸಲ್ಲಿ ಕೆಲಸ ಸುಲಭ. ಹುಟ್ಟಿದಾಗ 300ರ ಹತ್ತಿರ ಇರೋ ತುಂಡುಗಳು ಸೇರ್ತಾ ಸೇರ್ತಾ ದೊಡ್ಡವರಾಗೋ ಹೊತ್ತಿಗೆ 206 ಆಗತ್ತೆ, ಯಾವ ತುದಿ ಯಾವ ವಯಸ್ಸಲ್ಲಿ ಕೂಡತ್ತೆ ಅನ್ನೋದು ಸುಮಾರಾಗಿ ಗೊತ್ತು. ಕಾಲರ್ ಬೋನ್‌ನ ಎದೆ ಕಡೆಯ ತುದಿ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತರ ಕೊನೆ ಕೊನೆಗೆ ಪೂರ್ತಿ ಕೂಡೋದು. ಹಲ್ಲು ಬೆಳೆಯೋ ಕ್ರಮ ಇನ್ನೂ ನಂಬಿಕಸ್ತ. ಬೆಳವಣಿಗೆ ಮುಗಿದ ಮೇಲೆ ಉಳಿಯೋದು ಸವಕಳಿ ಮಾತ್ರ, ಸವಕಳಿ ಒಬ್ಬೊಬ್ಬರಿಗೆ ಒಂದೊಂದು ಥರ, ಭಾರ ಹೊತ್ತವ್ರಿಗೆ ಒಂಥರ, ಕೂತು ಕೆಲಸ ಮಾಡ್ದವ್ರಿಗೆ ಒಂಥರ, ಕಾಯಿಲೆ ಬಂದವ್ರಿಗೆ ಇನ್ನೊಂಥರ.

ಪ್ಯೂಬಿಕ್ ಮೂಳೆಗಳು ಎದುರುಬದುರು ಸೇರೋ ಮುಖ ನೋಡಿ ವಯಸ್ಸು ಹೇಳೋ ಪದ್ಧತಿನ 1920ರಲ್ಲಿ ಟಾಡ್ ಶುರು ಮಾಡಿದ್ರು, ಈಗ ಎಲ್ಲರೂ ಬಳಸೋದು 1990ರ ಸೂಚಿ-ಬ್ರೂಕ್ಸ್ ಪದ್ಧತಿ, ಆರು ಹಂತ ಇದೆ. ಗಂಡಸರಲ್ಲಿ ಮೊದಲನೇ ಹಂತ ಅಂದ್ರೆ 15ರಿಂದ 23, ಚೆನ್ನಾಗಿದೆ ಅಲ್ವಾ. ಐದನೇ ಹಂತ ಅಂದ್ರೆ 27ರಿಂದ 66. ಆರನೇದು 34ರಿಂದ 86! ಇದನ್ನ ಕೇಳಿದ ತನಿಖಾಧಿಕಾರಿ ಮುಖ ನೋಡ್ಬೇಕು, "ಇದ್ರಲ್ಲಿ ಎಲ್ಲರೂ ಬಂದ್ಬಿಟ್ರಲ್ಲ ಮೇಡಂ" ಅಂತಾರೆ. ಆಗ ಟ್ರೈನಿಗಳಿಗೆ ಆಸೆ ಆಗತ್ತೆ, ನಡುವಿನ ಒಂದು ನಂಬರ್ ಕೊಟ್ಟು ಖುಷಿಪಡಿಸೋಣ ಅಂತ. ಕೊಡಬೇಡಿ. ಹಾಗೆ 45 ಅಂತ ಬರೆದುಕೊಟ್ರೆ ಅವರು ಕಾಣೆಯಾದವರ ಪಟ್ಟಿ ತೆಗೆದು 40ರಿಂದ 50 ಮಾತ್ರ ನೋಡ್ತಾರೆ, ನಿಜವಾದ ವ್ಯಕ್ತಿ 61 ವರ್ಷದವ್ರಾಗಿದ್ರೆ ಆ ಫೈಲ್ ಯಾರೂ ತೆಗೆಯೋದೇ ಇಲ್ಲ. ಅಗಲವಾದ ರೇಂಜ್ ಯಾರನ್ನೂ ಹುಡುಕಿಕೊಡದೇ ಇರಬಹುದು, ಆದ್ರೆ ಇಕ್ಕಟ್ಟಾದ ತಪ್ಪು ರೇಂಜ್ ಹುಡುಕಾಟವನ್ನೇ ನಿಲ್ಲಿಸಿಬಿಡತ್ತೆ. ಅಧಿಕಾರಿಗೆ ಬೇಜಾರಾದ್ರೆ ಆಗ್ಲಿ, ಈ ರೇಂಜ್‌ನಿಂದ 19, 20ರ ಹುಡುಗರೆಲ್ಲ ಪಟ್ಟಿಯಿಂದ ಹೊರಗೆ ಹೋದ್ರಲ್ಲ, ಅದೂ ಕೆಲಸವೇ ಅಂತ ವಿವರಿಸಿ.

ಇನ್ನೊಂದು ಸೂಕ್ಷ್ಮ ಇದೆ. 1982ರಲ್ಲಿ ಬೊಕೆ-ಅಪೆಲ್ ಮತ್ತೆ ಮಾಸೆ ಅನ್ನೋ ಇಬ್ಬರು ಫ್ರೆಂಚ್ ಸಂಶೋಧಕರು ಒಂದು ಪೇಪರ್ ಬರೆದು ಈ ಕ್ಷೇತ್ರದವರ ನಿದ್ದೆ ಕೆಡಿಸಿದ್ರು. ಅವರು ಹೇಳಿದ್ದು ಸರಳ, ನೀವು ಪದ್ಧತಿ ಮಾಡೋಕೆ ಬಳಸಿದ ಮೂಳೆಗಳಲ್ಲಿ ಚಿಕ್ಕ ವಯಸ್ಸಿನವ್ರು ಜಾಸ್ತಿ ಇದ್ರೆ, ಆಮೇಲೆ ಯಾವ ಸ್ಮಶಾನ ಅಗೆದು ಆ ಪದ್ಧತಿ ಹಾಕಿದ್ರೂ ಅಲ್ಲಿನ ಜನ ಚಿಕ್ಕ ವಯಸ್ಸಲ್ಲೇ ಸತ್ತ ಹಾಗೆ ಕಾಣತ್ತೆ. ಉತ್ತರದಲ್ಲಿ ಕಾಣಿಸೋದು ಅಳೆದ ಜನ ಅಲ್ಲ, ಅಳತೆಗೋಲಿನ ಜನ. "ಹಳೇ ಕಾಲದವ್ರು ಮೂವತ್ತು ದಾಟ್ತಾನೇ ಇರ್ಲಿಲ್ಲ" ಅನ್ನೋ ಮಾತು ಎಲ್ಲ ಕಡೆ ಓಡಾಡತ್ತಲ್ಲ, ಅದನ್ನ ಕೇಳ್ದಾಗೆಲ್ಲ ನನಗೆ ಈ ಪೇಪರ್ ನೆನಪಾಗತ್ತೆ.

ಇದಕ್ಕೆ ಅತ್ಯಂತ ಚೆಂದದ ಉದಾಹರಣೆ ಟುರ್ಕಾನಾ ಬಾಲಕ. 1984ರಲ್ಲಿ ಕೀನ್ಯಾದಲ್ಲಿ ಪಳೆಯುಳಿಕೆ ಹುಡುಕೋ ಕಮೋಯ ಕಿಮೆಯು ಅನ್ನೋರ ಕಣ್ಣಿಗೆ ಬಿದ್ದ, ಸುಮಾರು 15 ಲಕ್ಷ ವರ್ಷ ಹಳೆಯ ಹೋಮೋ ಎರೆಕ್ಟಸ್ ಅನ್ನೋ ಹಳೇ ಮಾನವ ಜಾತಿಯ ಹುಡುಗ, ಅಸ್ಥಿಪಂಜರ ಬಹುತೇಕ ಪೂರ್ತಿ ಇದೆ. ಎತ್ತರ 160 ಸೆಂ.ಮೀ ಹತ್ತಿರ. ಇವತ್ತಿನ ಮಕ್ಕಳ ಚಾರ್ಟ್ ಹಿಡ್ಕೊಂಡು ಎತ್ತರ ನೋಡಿದ್ರೆ ಹದಿನೈದರ ಆಸುಪಾಸು ಅನ್ಸತ್ತೆ, ಮೂಳೆ ತುದಿ ಕೂಡಿರೋದು ನೋಡಿದ್ರೆ ಹನ್ನೊಂದು ಹದಿಮೂರು. ಹಲ್ಲೊಳಗೆ ದಿನದಿನದ ಬೆಳವಣಿಗೆಯ ಗೆರೆ ಬಿದ್ದಿರತ್ತೆ, ಅದನ್ನ ಮೈಕ್ರೋಸ್ಕೋಪ್‌ನಲ್ಲಿ ಎಣಿಸೋ ಲೆಕ್ಕದ ಪ್ರಕಾರ ಎಂಟು ವರ್ಷದ ಆಸುಪಾಸು! ಒಬ್ಬನೇ ಹುಡುಗ, ಮೂರು ವಯಸ್ಸು. ಇಂಥದ್ದು ನಮ್ಮ ಟೇಬಲ್ ಮೇಲೆ ಬಂದಿದ್ರೆ "ಎರಡು ಮೂರು ಜನರ ಮೂಳೆ ಬೆರೆತಿದೆ" ಅಂತ ಬರೆದುಬಿಡ್ತಿದ್ವೇನೋ. ನಿಜ ಏನಂದ್ರೆ ಅವನ ಜಾತಿ ನಮಗಿಂತ ಬೇಗ ಬೆಳೀತಿತ್ತು, ನಮ್ಮಷ್ಟು ಉದ್ದದ ಬಾಲ್ಯ ಇನ್ನೂ ಬಂದಿರಲಿಲ್ಲ. ಲೆಕ್ಕ ಕೂಡದೇ ಇದ್ದದ್ದೇ ಇಲ್ಲಿ ದೊಡ್ಡ ಸುದ್ದಿ ಆಯ್ತು. ಹಾಗಾಗಿ ಟ್ರೈನಿಗಳಿಗೆ ನಾನು ಹೇಳೋದು, ಹಲ್ಲು ಒಂದು ವಯಸ್ಸು, ಮೂಳೆ ಇನ್ನೊಂದು ವಯಸ್ಸು ತೋರಿಸಿದ್ರೆ ಸರಾಸರಿ ತೆಗೆದು ಮುಚ್ಚಿಹಾಕಬೇಡಿ, ಎರಡನ್ನೂ ಬರೀರಿ. ಊಟ ಸಿಗದೇ ಬೆಳೆದ ಮಗು, ಹಾರ್ಮೋನ್ ತೊಂದ್ರೆ ಇದ್ದ ಮಗು, ಇವೆಲ್ಲ ಗೊತ್ತಾಗೋದು ಆ ವ್ಯತ್ಯಾಸದಲ್ಲೇ.

ಎತ್ತರದ ಬಗ್ಗೆ ಒಂದೇ ಕಥೆ ಹೇಳ್ತೀನಿ, ಸಾಕು. ತೊಡೆಮೂಳೆ, ಮೊಣಕಾಲ ಕೆಳಗಿನ ಟಿಬಿಯಾ ಇವುಗಳ ಉದ್ದದಿಂದ ಎತ್ತರ ಲೆಕ್ಕ ಹಾಕೋ ಸೂತ್ರಗಳಲ್ಲಿ ಜಗತ್ಪ್ರಸಿದ್ಧವಾದದ್ದು 1952ರ ಟ್ರಾಟರ್ ಮತ್ತೆ ಗ್ಲೇಸರ್ ಅವರದ್ದು, ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಮೂಳೆ ಅಳೆದು ಮಾಡಿದ್ದು. ಪೇಪರ್‌ನಲ್ಲಿ ಟಿಬಿಯಾ ಅಳತೆಗೆ ಕಣಕಾಲಿನ ಗುಬ್ಬು ಸೇರಿಸ್ಬೇಕು ಅಂತ ಬರೆದಿತ್ತು. 1995ರಲ್ಲಿ ಜಾಂಟ್ಜ್ ಮತ್ತೆ ಜೊತೆಯವರು ಆ ಹಳೇ ಅಳತೆಗಳನ್ನ ಮತ್ತೆ ಪರಿಶೀಲಿಸಿ ನೋಡಿದ್ರೆ, ಅಳೆಯುವಾಗ ಆ ಗುಬ್ಬು ಬಿಟ್ಟೇ ಅಳೆದಿದ್ದಾರೆ! ಅಷ್ಟು ವರ್ಷ ಬರೆದ ಪ್ರಕಾರ ಸರಿಯಾಗಿ ಅಳೆದವ್ರಿಗೆಲ್ಲ ಎತ್ತರ 2.5ರಿಂದ 3 ಸೆಂ.ಮೀ ಜಾಸ್ತಿ ಬರ್ತಿತ್ತು. ಯಾವ ಮೂಳೆ, ಯಾವ ಸೂತ್ರ, ಅಳತೆ ಎಲ್ಲಿಂದ ಎಲ್ಲಿಗೆ ಅಂತ ರಿಪೋರ್ಟ್‌ನಲ್ಲಿ ಬರೀರಿ ಅಂತ ನಾನು ಜೀವ ತಿನ್ನೋದು ಇದಕ್ಕೇ.

ಮೂಲ ಯಾವುದು, ಯಾವ ಸೀಮೆಯವ್ರು ಅಂತ ಬುರುಡೆ ನೋಡಿ ಹೇಳಿ ಅಂತಾರಲ್ಲ, ಅಲ್ಲಿ ನಾನು ಬಹಳ ಜಿಪುಣಿ. 1996ರಲ್ಲಿ ಅಮೆರಿಕದ ಕೆನ್ನೆವಿಕ್ ಹತ್ತಿರ ನದಿ ದಂಡೆಲಿ ಸಿಕ್ಕ ಬುರುಡೆ ನೋಡಿದ ತಜ್ಞರಿಗೆ ಮೊದಲು ಇದು ಯುರೋಪಿನಿಂದ ಬಂದು ನೆಲೆಸಿದವ್ರದು ಅನ್ಸಿತ್ತು. ಆಮೇಲೆ ನೋಡಿದ್ರೆ ಸೊಂಟದ ಮೂಳೆಲಿ ಕಲ್ಲಿನ ಭರ್ಜಿ ಮೊನೆ ಚುಚ್ಚಿಕೊಂಡು ಸಿಕ್ಕಿಹಾಕ್ಕೊಂಡಿದೆ, ಕಾರ್ಬನ್ ಡೇಟಿಂಗ್‌ನಲ್ಲಿ ಎಂಟು ಸಾವಿರ ವರ್ಷಕ್ಕಿಂತ ಹಳೇದು ಅಂತ ಬಂತು. ಇವನು ಅಲ್ಲಿನ ಮೂಲನಿವಾಸಿಗಳಿಗೆ ಸೇರಿದವನಾ ಅನ್ನೋ ಜಗಳ ವರ್ಷಗಟ್ಟಲೆ ಕೋರ್ಟ್‌ನಲ್ಲಿ ನಡೀತು, 2015ರಲ್ಲಿ ಡಿಎನ್‌ಎ ಬಂದಾಗ ಅವನು ಇವತ್ತಿನ ಅಮೆರಿಕದ ಮೂಲನಿವಾಸಿಗಳಿಗೇ ಹತ್ತಿರದವನು ಅಂತ ಗೊತ್ತಾಯ್ತು, 2017ರಲ್ಲಿ ಅವರೇ ಮಣ್ಣು ಮಾಡಿದ್ರು. ಎಂಟು ಸಾವಿರ ವರ್ಷದ ಹಿಂದಿನ ಮುಖಾನ ಇವತ್ತಿನ ಮುಖಗಳ ಜೊತೆ ಇಟ್ಟು ನೋಡಿದ್ದೇ ಅಲ್ಲಿನ ತೊಡಕು.

ಹಿಮಾಲಯದಲ್ಲಿ ನೂರಾರು ಜನರ ಮೂಳೆ ಸಿಕ್ಕ ರೂಪಕುಂಡ ಕೆರೆಯ ಕಥೆ ನಿಮಗೂ ಗೊತ್ತಿರತ್ತೆ, ಎಲ್ಲರೂ ಒಂದೇ ಗುಂಪು, ಒಂದೇ ಆಲಿಕಲ್ಲು ಮಳೆಗೆ ಸತ್ರು ಅಂತ. 2019ರಲ್ಲಿ ಅಲ್ಲಿನ 38 ಜನರ ಡಿಎನ್‌ಎ ನೋಡಿದಾಗ 23 ಜನ ದಕ್ಷಿಣ ಏಷ್ಯಾ ಮೂಲದವ್ರು, ಸುಮಾರು ಕ್ರಿ.ಶ. 800ರ ಕಾಲದವ್ರು, 14 ಜನ ಪೂರ್ವ ಮೆಡಿಟರೇನಿಯನ್ ಕಡೆಯ ಮೂಲದವ್ರು, ಅವ್ರು ಸತ್ತಿದ್ದು ಕ್ರಿ.ಶ. 1800ರ ಹೊತ್ತಿಗೆ, ಉಳಿದ ಒಬ್ಬರು ಆಗ್ನೇಯ ಏಷ್ಯಾದವ್ರು. ಒಂದೇ ಕೆರೆ ಸುತ್ತ ಸಾವಿರ ವರ್ಷದ ಅಂತರದ ಸಾವುಗಳು. ಒಂದೇ ಜಾಗದಲ್ಲಿ ಸಿಕ್ಕಿದ್ದೆಲ್ಲ ಒಂದೇ ಘಟನೆ ಅಂದ್ಕೊಳ್ಳೋದು ನಮ್ಮ ಮನಸ್ಸಿನ ಸೋಮಾರಿತನ ಅಷ್ಟೇ.

ಈಗ ಗಾಯದ ವಿಷಯ. ತನಿಖೆಯವರಿಗೆ ಬೇಕಾಗಿರೋದು ಇದೇ, ಕೋರ್ಟ್‌ನಲ್ಲಿ ವಕೀಲರು ಹಿಡಿಯೋದೂ ಇಲ್ಲೇ. ಮುರಿತ ಮೂರು ಕಾಲದ್ದಿರತ್ತೆ, ಬದುಕಿದ್ದಾಗ, ಸಾಯೋ ಹೊತ್ತಿನ ಆಸುಪಾಸು, ಸತ್ತು ಮೂಳೆ ಒಣಗಿದ ಮೇಲೆ. ಬದುಕಿದ್ದಾಗ ಆಗಿದ್ರೆ ಅಂಚು ದುಂಡಗಾಗಿ ಹೊಸ ಮೂಳೆ ಬೆಳೆದಿರತ್ತೆ. ಉಳಿದೆರಡನ್ನ ಬೇರೆ ಮಾಡೋಕೆ ಹಸಿ ಕಡ್ಡಿ ಒಣ ಕಡ್ಡಿ ಮುರಿದು ನೋಡಿ, ಹಸಿದು ಬಾಗಿ ಸಿಗಿದು ಓರೆಯಾಗಿ ಮುರಿಯತ್ತೆ, ಒಣಗಿದ್ದು ಲಟಕ್ ಅಂತ ಅಡ್ಡಕ್ಕೆ. ಮೂಳೆನೂ ಹಾಗೇ. ಒಣ ಮುರಿತದ ಅಂಚಿನ ಬಣ್ಣ ಸುತ್ತಲಿನ ಮೂಳೆಗಿಂತ ತೆಳುವಾಗಿರತ್ತೆ, ಅಗೆದವರ ಗುದ್ದಲಿ ತಾಗಿದ್ದು ಹಾಗೇ ಗೊತ್ತಾಗೋದು. ಆದ್ರೆ "ಸಾಯೋ ಹೊತ್ತಿನ" ಅಂದ್ರೆ ಗಡಿಯಾರದ ಹೊತ್ತಲ್ಲ, ಮೂಳೆ ಹಸಿಯಾಗಿರೋ ತನಕ, ಅದು ಸತ್ತು ವಾರಗಳ ಮೇಲೂ ಇರಬಹುದು. ಇದನ್ನ ರಿಪೋರ್ಟ್‌ನಲ್ಲಿ ಬಿಡಿಸಿ ಬರೀಲಿಲ್ಲ ಅಂದ್ರೆ ಓದಿದವ್ರು "ಈ ಏಟಿಗೇ ಸತ್ತ" ಅಂತ ಓದ್ಕೋತಾರೆ.

ಗಾಯ ಅಲ್ಲದ್ದು ಗಾಯದ ಥರ ಕಾಣೋದಂತೂ ಬೇಕಾದಷ್ಟಿದೆ. ಎದೆ ನಡುವಿನ ಚಪ್ಪಟೆ ಮೂಳೆಲಿ ದುಂಡಗೆ ತೂತು ಕಂಡ್ರೆ ಗುಂಡೇಟು ಅನ್ನೋಕೆ ಮುಂಚೆ ತಡೀರಿ, ನೂರರಲ್ಲಿ ನಾಲ್ಕೈದು ಜನಕ್ಕೆ ಹುಟ್ಟಿನಿಂದಲೇ ಅಲ್ಲಿ ತೂತಿರತ್ತೆ, ಅಂಚು ನಯವಾಗಿ ಎರಡೂ ಕಡೆ ಒಂದೇ ಥರ, ಸೀಳು ಇರಲ್ಲ. ಗಂಟಲಿನ ಹೈಯಾಯ್ಡ್ ಮೂಳೆ ಮೂರು ತುಂಡಾಗಿ ಬಂದ್ರೆ ಕತ್ತು ಹಿಸುಕಿದ್ದಾರೆ ಅಂತ ಹಾರಬೇಡಿ, ತುಂಬ ಜನರಲ್ಲಿ ಆ ಕೋಡುಗಳು ಕೂಡಿರೋದೇ ಇಲ್ಲ, ಮೃದ್ವಸ್ಥಿ ಕೊಳೆತ ಮೇಲೆ ತಾವಾಗಿ ಬೇರೆ ಆಗತ್ತೆ. ಗಿಡದ ಬೇರು ಮೂಳೆ ಮೇಲೆ ಕೊರೆದ ಗೆರೆ ಚಾಕು ಗೆರೆ ಥರ, ಇಲಿ ಹೆಗ್ಗಣ ಕೆರೆದದ್ದು ಗರಗಸದ ಥರ.

ಪಳೆಯುಳಿಕೆಯವ್ರಿಗೂ ಇದೇ ತಲೆನೋವು. ಟಾಂಗ್ ಮಗುನ ಕೊಂದಿದ್ದು ಯಾವುದೋ ಚಿರತೆ ಜಾತಿ ಪ್ರಾಣಿ ಅಂತಿದ್ರು, 1995ರಲ್ಲಿ ಬರ್ಗರ್ ಮತ್ತೆ ಕ್ಲಾರ್ಕ್ ಅನ್ನೋ ಸಂಶೋಧಕರು ದೊಡ್ಡ ಹದ್ದು ಇರಬೇಕು ಅಂದ್ರು, ಯಾರೂ ಅಷ್ಟಾಗಿ ನಂಬಲಿಲ್ಲ. ಪಶ್ಚಿಮ ಆಫ್ರಿಕಾದ ಕಾಡಲ್ಲಿ ಹದ್ದಿನ ಗೂಡಿನ ಕೆಳಗೆ ಬಿದ್ದ ಕೋತಿ ಬುರುಡೆಗಳನ್ನ ಕೂಡಿಸಿ ನೋಡಿದ ಮೇಲೆ, 2006ರಲ್ಲಿ, ಆ ಮಗುವಿನ ಕಣ್ಣುಗೂಡಿನೊಳಗೂ ಅದೇ ಥರದ ತೂತುಗಳಿವೆ ಅಂತ ಬರ್ಗರ್ ಗಮನಿಸಿದ್ರು. ಬುರುಡೆ ಅಷ್ಟೂ ವರ್ಷ ಅಲ್ಲೇ ಇತ್ತು, ಇಲ್ದೇ ಇದ್ದದ್ದು ಪಕ್ಕದಲ್ಲಿಡೋ ಕೋತಿ ಬುರುಡೆ. ಲೂಸಿದು ಹಾಗಲ್ಲ, 2016ರಲ್ಲಿ ಕ್ಯಾಪಲ್‌ಮನ್ ತಂಡ ಭುಜದ ಮೂಳೆ ಮುರಿತ ನೋಡಿ ಅವಳು ಮರದಿಂದ ಬಿದ್ದು ಸತ್ಲು ಅಂದ್ರು, ಎತ್ತರದಿಂದ ಬಿದ್ದವರು ಕೈ ಊರಿದಾಗ ಆಗೋ ಮುರಿತ ಇದು ಅಂತ ಮೂಳೆ ಡಾಕ್ಟ್ರುಗಳಿಗೂ ತೋರಿಸಿದ್ರು. ಜೊಹಾನ್ಸನ್, ಇನ್ನೊಬ್ಬ ಪಳೆಯುಳಿಕೆ ತಜ್ಞ ಟಿಮ್ ವೈಟ್ ಒಪ್ಪಲಿಲ್ಲ, ಅದೇ ಥರದ ಒಡಕು ಅದೇ ನೆಲದಲ್ಲಿ ಸಿಕ್ಕ ಬೇರೆ ಪ್ರಾಣಿಗಳ ಪಳೆಯುಳಿಕೆಲೂ ಇದೆ, ಅವೆಲ್ಲ ಮರದಿಂದ ಬಿದ್ವಾ ಅಂತ ಕೇಳಿದ್ರು. ನನ್ನ ಒಲವು ಇವರ ಕಡೆಗೇ. ಆಸ್ಪತ್ರೆ ಎಕ್ಸ್‌ರೇಗೆ ಹೋಲಿಸಿದ್ರೆ ಬಿದ್ದದ್ದು ಅನ್ಸತ್ತೆ, ಅದೇ ಮಣ್ಣಿನ ಮೂಳೆಗೆ ಹೋಲಿಸಿದ್ರೆ ಮಣ್ಣಿನ ಭಾರ ಅನ್ಸತ್ತೆ, ಎರಡನೇದು ಮಾಡದೆ ಮೊದಲನೇದು ಹೇಳಬಾರ್ದು.

ಫ್ರಾನ್ಸ್‌ನ ಲಾ ಶಾಪೆಲ್‌ನಲ್ಲಿ 1908ರಲ್ಲಿ ಸಿಕ್ಕ ಮುದಿ ನಿಯಾಂಡರ್ತಾಲ್‌ನ (ಅಳಿದುಹೋದ ಒಂದು ಮಾನವ ಜಾತಿಯವನ) ನೋಡಿ ಬೂಲ್ ಅನ್ನೋ ವಿದ್ವಾಂಸರು ಇಡೀ ಆ ಜಾತಿನೇ ಬಾಗಿ ಕಾಲೆಳೆದು ನಡೀತಿತ್ತು ಅಂತ ಚಿತ್ರ ಕೊಟ್ರು. ಅವನಿಗೆ ಕೀಲುವಾತ ಜೋರಾಗಿತ್ತು, 1957ರಲ್ಲಿ ಸ್ಟ್ರಾಸ್ ಮತ್ತೆ ಕೇವ್ ಮತ್ತೆ ಪರೀಕ್ಷೆ ಮಾಡಿ ಇದನ್ನ ಎತ್ತಿ ತೋರಿಸಿದ್ರು, ಆದ್ರೆ ಅಷ್ಟೊತ್ತಿಗೆ ಬಾಗಿದ ಗುಹಾಮಾನವನ ಚಿತ್ರ ಜನರ ತಲೇಲಿ ಕೂತಾಗಿತ್ತು. ಒಬ್ಬ ರೋಗಿ ಇಡೀ ಜನಾಂಗದ ಪ್ರತಿನಿಧಿ ಆಗ್ಬಿಟ್ಟ.

ಸತ್ತು ಎಷ್ಟು ದಿನ ಆಯ್ತು ಅನ್ನೋದಕ್ಕೆ ಹೆಚ್ಚು ಹೇಳಲ್ಲ. ಮೂಳೆ ತಜ್ಞ ವಿಲಿಯಂ ಬಾಸ್ 1977ರಲ್ಲಿ ಅಮೆರಿಕದ ಟೆನೆಸ್ಸಿಯ ಒಂದು ಕೆದಕಿದ ಗೋರಿ ಮೇಲಿದ್ದ ದೇಹ ನೋಡಿ, ಮಾಂಸ ಇನ್ನೂ ಗುಲಾಬಿ ಬಣ್ಣಕ್ಕಿದೆ, ಸತ್ತು ಒಂದು ವರ್ಷದೊಳಗೆ ಅಂದಿದ್ರು. ಅದು 1864ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಕರ್ನಲ್ ವಿಲಿಯಂ ಶೈ ಅವರದ್ದು, ಎಂಬಾಮ್ ಮಾಡಿ ಗಾಳಿಯಾಡದ ಕಬ್ಬಿಣದ ಪೆಟ್ಟಿಗೇಲಿ ಇಟ್ಟಿದ್ರು. 113 ವರ್ಷದ ವ್ಯತ್ಯಾಸ! ಬಾಸ್ ಅದನ್ನ ಮುಚ್ಚಿಡಲಿಲ್ಲ, ಎಲ್ಲ ಕಡೆ ಹೇಳ್ಕೊಂಡ್ರು, ಹೋಲಿಸೋಕೆ ನಮ್ಮ ಹತ್ರ ಏನೂ ಇಲ್ಲ ಅನ್ನೋದೇ ಸಮಸ್ಯೆ ಅಂತ 1981ರಲ್ಲಿ ನಾಕ್ಸ್‌ವಿಲ್‌ನಲ್ಲಿ ದಾನ ಬಂದ ದೇಹಗಳನ್ನ ಬಯಲಲ್ಲಿಟ್ಟು ಅಧ್ಯಯನ ಮಾಡೋ ಜಾಗ ಶುರು ಮಾಡಿದ್ರು, ಜನ ಬಾಡಿ ಫಾರ್ಮ್ ಅನ್ನೋದು ಅದನ್ನೇ. ಅಲ್ಲಿನ ಲೆಕ್ಕಾನೂ ಅಲ್ಲಿನ ಹವಾಮಾನದ್ದು, ಬೇರೆ ಹವೆಗೆ ಹಾಗೇ ಎತ್ತಿ ಹಾಕೋಕಾಗಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸಿಗೋದು ಹೆಸರಲ್ಲ, ಒಂದು ಚೌಕಟ್ಟು. ಗಂಡು, ನಡುವಯಸ್ಸು, ಇಷ್ಟರಿಂದ ಇಷ್ಟು ಎತ್ತರ ಅನ್ನೋದಕ್ಕೆ ಸಾವಿರಾರು ಜನ ಹೊಂದ್ತಾರೆ. ಹೆಸರು ಬರ್ಬೇಕಂದ್ರೆ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹಳೇ ದಾಖಲೆ ಬೇಕು, ಹಲ್ಲಿನ ಎಕ್ಸ್‌ರೇ, ಹಣೆಯೊಳಗಿನ ಸೈನಸ್ ಆಕಾರ, ಮೂಳೆಗೆ ಹಾಕಿದ ರಾಡ್ ಮೇಲಿನ ಸೀರಿಯಲ್ ನಂಬರ್, ಅಥವಾ ಸಂಬಂಧಿಕರ ಡಿಎನ್‌ಎ. ನಾಜಿ ಡಾಕ್ಟರ್ ಮೆಂಗಲೆ ದೇಹಾನ 1985ರಲ್ಲಿ ಬ್ರೆಜಿಲ್‌ನಲ್ಲಿ ಬೇರೆ ಹೆಸರಿನ ಗೋರಿಯಿಂದ ತೆಗೆದಾಗ ಕ್ಲೈಡ್ ಸ್ನೋ ಥರದ ಮೂಳೆ ತಜ್ಞರು ಮೂಳೆ ನೋಡಿ, ಹೆಲ್ಮರ್ ಅನ್ನೋ ಇನ್ನೊಬ್ಬ ತಜ್ಞರು ಬುರುಡೆ ಮೇಲೆ ಫೋಟೋ ಹೊಂದಿಸಿ ಅವನೇ ಅಂದ್ರು, ಅನುಮಾನ ಪೂರ್ತಿ ಹೋಗಿದ್ದು 1992ರಲ್ಲಿ ಡಿಎನ್‌ಎ ಬಂದ್ಮೇಲೆ. ಡಿಎನ್‌ಎ ಅಂದ ತಕ್ಷಣ ಎಲ್ಲ ಮುಗೀತು ಅಂತಲೂ ಅಲ್ಲ, ಅದೂ ಹೋಲಿಕೆಯೇ. 2012ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕ ಮೂರನೇ ರಿಚರ್ಡ್, 1485ರ ಯುದ್ಧದಲ್ಲಿ ಸತ್ತ ರಾಜ, ಅವನ ತಾಯಿ ಕಡೆಯ ಡಿಎನ್‌ಎ ಅಕ್ಕನ ವಂಶದವರ ಜೊತೆ ಹೊಂದಿತು, ತಂದೆ ಕಡೆಯ ವೈ ಕ್ರೋಮೋಸೋಮ್ ದಾಖಲೆ ಪ್ರಕಾರ ಬಂಧುಗಳಾದವ್ರ ಜೊತೆ ಹೊಂದಲಿಲ್ಲ. ವಂಶವೃಕ್ಷದಲ್ಲಿ ಎಲ್ಲೋ ಒಂದು ಕಡೆ ಕಾಗದದ ತಂದೆ ಬೇರೆ, ನಿಜವಾದ ತಂದೆ ಬೇರೆ. ಬಾಗಿದ ಬೆನ್ನುಮೂಳೆ, ಗಾಯಗಳು, ವಯಸ್ಸು, ಕಾರ್ಬನ್ ಕಾಲ ಎಲ್ಲ ಒಟ್ಟಿಗೆ ಇಟ್ಟಾಗ ಗುರುತು ನಿಂತಿತು. ಆ ಕಾರ್ಬನ್ ಕಾಲ ಕೂಡ ಮೊದಲು 1485ಕ್ಕಿಂತ ಹಿಂದಕ್ಕೆ ಬಂದಿತ್ತು, ರಾಜ ಸಮುದ್ರದ ಮೀನು ಚೆನ್ನಾಗಿ ತಿಂತಿದ್ದ ಅನ್ನೋದನ್ನ ಲೆಕ್ಕಕ್ಕೆ ತಗೊಂಡ್ಮೇಲೆ ಸರಿಹೋಯ್ತು.

ಕೊನೆಗೊಂದು, 1918ರಲ್ಲಿ ಆಳುಗಳ ಸಮೇತ ಕೊಲೆಯಾದ ರಷ್ಯಾದ ಕೊನೆಯ ಚಕ್ರವರ್ತಿಯ ರೊಮನೋವ್ ಕುಟುಂಬದ್ದು. 1991ರಲ್ಲಿ ಗುಂಡಿ ಅಗೆದಾಗ ಹನ್ನೊಂದು ಜನ ಇರ್ಬೇಕಾದಲ್ಲಿ ಒಂಬತ್ತೇ ಸಿಕ್ತು, ರಾಜಕುಮಾರ ಮತ್ತೆ ಒಬ್ಬ ಮಗಳು ಇಲ್ಲ. ಯಾವ ಮಗಳು? ರಷ್ಯನ್ ತಜ್ಞರು ಬುರುಡೆ ಮೇಲೆ ಫೋಟೋ ಹೊಂದಿಸಿ ಮರಿಯಾ ಇಲ್ಲ ಅಂದ್ರು, ಅಮೆರಿಕದ ತಂಡ ಮೂಳೆಗಳ ಬೆಳವಣಿಗೆ ನೋಡಿ ಇಲ್ಲಿರೋ ಯಾವುದೂ ಕೊನೆ ಮಗಳು ಅನಸ್ತೇಸಿಯಾದಷ್ಟು ಚಿಕ್ಕದಲ್ಲ, ಹಾಗಾಗಿ ಇಲ್ಲದ್ದು ಅವಳೇ ಅಂತು. 2007ರಲ್ಲಿ ಸ್ವಲ್ಪ ದೂರದಲ್ಲೇ ಸುಟ್ಟ ಚೂರುಗಳು ಸಿಕ್ಕಿ, 2009ರಲ್ಲಿ ಡಿಎನ್‌ಎಯಿಂದ ಅವರಿಬ್ಬರೂ ಆ ಕುಟುಂಬದವರೇ ಅಂತ ಖಚಿತ ಆಯ್ತು. ಆದ್ರೆ ಅಪ್ಪ ಅಮ್ಮನ ಡಿಎನ್‌ಎ ಇಟ್ಕೊಂಡು ಅಕ್ಕ ಯಾರು ತಂಗಿ ಯಾರು ಅಂತ ಹೇಳೋಕಾಗಲ್ಲ, ಹೆಣ್ಣುಮಕ್ಕಳು ಸತ್ತಾಗ ಅವರ ಸ್ವಂತ ಡಿಎನ್‌ಎ ಯಾರೂ ತೆಗೆದಿಟ್ಟಿರಲಿಲ್ಲ.

ಹಾಗಾಗಿ ನಮ್ಮ ಟೇಬಲ್‌ಗೆ ಬರೋ ಹೊಸಬರಿಗೆ ಕೆಲಸದ ಮಾತು ಇಷ್ಟು: ಮೂಳೆ ಬೆಳ್ಳಗಾಗ್ಲಿ ಅಂತ ಬ್ಲೀಚ್ ಹಾಕ್ಬೇಡಿ, ಡಿಎನ್‌ಎ ಸತ್ತುಹೋಗತ್ತೆ. ಚೂರು ಜೋಡಿಸೋಕೆ ಅಂಟು ಬಳಿಯೋ ಮುಂಚೆ ಫೋಟೋ ತೆಗೀರಿ, ಒಂದೆರಡು ಗಟ್ಟಿ ಹಲ್ಲು, ಕಿವಿ ಒಳಭಾಗದ ಪೆಟ್ರಸ್ ಮೂಳೆ ಮುಟ್ಟದೆ ಒಣ ಜಾಗದಲ್ಲಿ ತೆಗೆದಿಡಿ, ಡಿಎನ್‌ಎ ಅಲ್ಲಿ ಉಳಿದಷ್ಟು ಬೇರೆಲ್ಲೂ ಉಳಿಯಲ್ಲ. ಡಬ್ಬದ ಮೇಲಿನ ಚೀಟಿ ಪೆನ್ಸಿಲ್‌ನಲ್ಲಿ ಬರೀರಿ, ಇಂಕ್ ಅಳಿಸಿಹೋಗತ್ತೆ. ಇವತ್ತು ಹೋಲಿಸೋಕೆ ಯಾರೂ ಇಲ್ದೆ ಇರಬಹುದು, ತಂಗಿಯೋ ಮಗನೋ ಹತ್ತು ವರ್ಷ ಬಿಟ್ಟು ಬಂದು ಬಾಯಿ ತೆರೆದು ಸ್ಯಾಂಪಲ್ ಕೊಟ್ಟಾಗ ನಮ್ಮ ಕಡೆ ಡಬ್ಬ ಸರಿಯಾಗಿ ಇರಬೇಕು.